ಹಳೆಯ ಕಾರಿಗೆ ಹೊಸ ಬಲ

ಮಕ್ಕಳೇ, ಬೆಳಿಗ್ಗೆ ಶಾಲೆಗೆ ಬರುವಾಗ ರಸ್ತೆಯಲ್ಲಿ ಎಷ್ಟು ಬಗೆಯ ವಾಹನಗಳನ್ನು ನೋಡುತ್ತೀರಿ? ಲಾರಿ, ಬಸ್ಸು, ಟ್ರ್ಯಾಕ್ಟರ್, ಆಟೋ, ಮೋಟಾರ್ ಸೈಕಲ್ ಇವೆಲ್ಲವನ್ನೂ ನೋಡಿರುವಿರಲ್ಲವೇ? ಇವುಗಳಲ್ಲಿ ಕೆಲವು ನಮ್ಮ ಹೊಸೂರಿನಲ್ಲಿಯೇ ಹುಟ್ಟಿದವು. 1980ರಲ್ಲಿ ಟಿವಿಎಸ್ ಮೊಪೆಡ್ ಇಲ್ಲಿಂದ ಹೊರಬಂದಿತು. ಅದೇ ವರ್ಷ ಅಶೋಕ್ ಲೇಲ್ಯಾಂಡ್ ಕಂಪನಿಯ ಲಾರಿ ಕಾರ್ಖಾನೆಯೂ ಇಲ್ಲಿ ಆರಂಭವಾಯಿತು. ಆದ್ದರಿಂದ ಎಂಜಿನ್ ಎಂಬ ಮಾತು ನಮ್ಮ ಊರಿನವರಿಗೆ ಹೊಸದಲ್ಲ. ನಿಮ್ಮಲ್ಲಿ ಹಲವರ ತಂದೆ, ಅಣ್ಣ, ಮಾವ ಇಂತಹ ಕಾರ್ಖಾನೆಗಳಲ್ಲಿ ದುಡಿಯುತ್ತಿರಬಹುದು.

ಎಂಜಿನ್ನಿನ ಬಲವನ್ನು ಹೆಚ್ಚಿಸಬಹುದೇ? ಹೆಚ್ಚಿಸಿದರೆ ಏನಾಗುತ್ತದೆ? ಇದನ್ನು ತಿಳಿಯಲು ಒಂದು ಶೆಡ್ಡಿಗೆ ಹೋಗೋಣ. ನಾನು ಅಲ್ಲಿಗೆ ಹೋಗಿದ್ದೆ. ನೀವೂ ನನ್ನ ಜೊತೆಗೆ ಬಂದಿದ್ದೀರಿ ಎಂದು ತಿಳಿಯಿರಿ.

ಶೆಡ್ಡಿನಲ್ಲಿ ಕಂಡ ಕಾರು

ಊರ ಹೊರಗೆ, ಹುಣಸೆ ಮರದ ಕೆಳಗೆ, ತಗಡಿನ ಚಾವಣಿಯ ಒಂದು ಶೆಡ್ಡು. ಅಂಗಡಿಗಳ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿರುವುದನ್ನು ನೋಡಿದ್ದೀರಿ. ಈ ಶೆಡ್ಡಿನ ಬಾಗಿಲ ಮೇಲೆ ಒಂದು ಬಾಗಿದ ಚಕ್ರವನ್ನು ತೂಗುಹಾಕಲಾಗಿತ್ತು. "ಇದೇಕೆ ಇಲ್ಲಿದೆ?" ಎಂದು ಮೇಸ್ತ್ರಿಯವರನ್ನು ಕೇಳಿದೆ. "ಆಮೇಲೆ ಹೇಳುತ್ತೇನೆ ಸಾರ್, ಮೊದಲು ಕಾರು ನೋಡಿ" ಎಂದರು.

ಒಳಗೆ ನಿಂತಿದ್ದುದು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹಳೆಯ ಕಾರು. ಇದು 1968ರಲ್ಲಿ ತಯಾರಾದದ್ದು. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಲ್ಲಿ 1959ರಲ್ಲಿ ಬಂದ ಈ ಕಾರಿನ ರೂಪವನ್ನು ಇಟಲಿಯ ಜೊವಾನಿ ಮಿಕೆಲೊಟ್ಟಿ ಎಂಬವರು ರಚಿಸಿದರು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಇದನ್ನು ನಮ್ಮ ರಾಜ್ಯದಲ್ಲಿಯೇ ತಯಾರಿಸಿತು. ಆ ದಿನಗಳಲ್ಲಿ ಭಾರತದ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಕಾರುಗಳು ಮೂರೇ ಬಗೆ: ಅಂಬಾಸಿಡರ್, ಫಿಯಟ್ ಮತ್ತು ಸ್ಟ್ಯಾಂಡರ್ಡ್.

ಮೇಸ್ತ್ರಿ ಕಾರಿನ ಮುಂಭಾಗವನ್ನು ಹಿಡಿದು ಎತ್ತಿದರು. ಬಾನೆಟ್ಟು ಮಾತ್ರವಲ್ಲ, ದೀಪಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗಿತು! ಎಂಜಿನ್, ಚಕ್ರ, ಸ್ಪ್ರಿಂಗು ಎಲ್ಲವೂ ಕಣ್ಣೆದುರಿಗೆ ಬಂದವು. "ಪಾಠ ಕಲಿಯಲು ಇದಕ್ಕಿಂತ ಒಳ್ಳೆಯ ಕಾರಿಲ್ಲ" ಎಂದು ಅವರು ನಕ್ಕರು.

ಆ ಕಾರಿನ ಒಡೆಯರು ಒಬ್ಬ ಯುವಕರು. ಅದು ಅವರ ಅಜ್ಜನ ಕಾರು. "ಇದರಲ್ಲಿ ಬಲವೇ ಇಲ್ಲ. ಏರು ಹತ್ತುವಾಗ ಏದುಸಿರು ಬಿಡುತ್ತದೆ. ಇದಕ್ಕೊಂದು ದೊಡ್ಡ ಎಂಜಿನ್ ಕೂರಿಸಿಕೊಡಿ" ಎಂಬುದು ಅವರ ಬೇಡಿಕೆ. ಮೇಸ್ತ್ರಿ ಒಡನೆ ಒಪ್ಪಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅಳತೆಯ ಟೇಪನ್ನು ಕೈಗೆ ತೆಗೆದುಕೊಂಡರು.

ಬಲ ಎಲ್ಲಿಂದ ಬರುತ್ತದೆ?

ನಿಮ್ಮ ಅಜ್ಜಿ ಊದುಗೊಳವೆಯಿಂದ ಒಲೆಯನ್ನು ಊದುವುದನ್ನು ನೋಡಿದ್ದೀರಾ? ಊದಿದಷ್ಟೂ ಗಾಳಿ ಹೋಗುತ್ತದೆ. ಗಾಳಿ ಹೋದಷ್ಟೂ ಬೆಂಕಿ ಚೆನ್ನಾಗಿ ಉರಿಯುತ್ತದೆ. ಎಂಜಿನ್ನಿನ ಗುಟ್ಟೂ ಇದೇ. ಎಂಜಿನ್ನಿನಲ್ಲಿ ಸಿಲಿಂಡರ್ ಎಂಬ ಕೊಳವೆಗಳಿವೆ. ಪ್ರತಿಯೊಂದರ ಒಳಗೂ ಪಿಸ್ಟನ್ ಎಂಬ ದಿಂಡು ಮೇಲೆ ಕೆಳಗೆ ಚಲಿಸುತ್ತದೆ. ಅದು ನಾಲ್ಕು ಕೆಲಸಗಳನ್ನು ಒಂದಾದ ಮೇಲೊಂದರಂತೆ ಮಾಡುತ್ತದೆ. ಮೊದಲು ಗಾಳಿಯನ್ನೂ ಪೆಟ್ರೋಲನ್ನೂ ಒಳಗೆ ಸೆಳೆದುಕೊಳ್ಳುತ್ತದೆ. ಎರಡನೆಯದಾಗಿ ಅದನ್ನು ಒತ್ತುತ್ತದೆ. ಆಗ ಕಿಡಿ ಹಾರಿ ಮಿಶ್ರಣ ಉರಿಯುತ್ತದೆ. ಆ ಬಿಸಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಇದು ಮೂರನೆಯ ಕೆಲಸ. ಕೊನೆಗೆ ಹೊಗೆಯನ್ನು ಹೊರಗೆ ಹಾಕುತ್ತದೆ. ಮೂರನೆಯ ಕೆಲಸದಲ್ಲಿ ಹುಟ್ಟುವ ಬಲವೇ ಚಕ್ರಗಳನ್ನು ತಿರುಗಿಸುತ್ತದೆ.

ಎಂಜಿನ್ನಿನ ಬಲವನ್ನು ಅಶ್ವಶಕ್ತಿ ಎಂಬ ಮಾನದಿಂದ ಅಳೆಯುತ್ತಾರೆ. ಸುಮಾರು 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆ ಎತ್ತುವ ಶಕ್ತಿಯೇ ಒಂದು ಅಶ್ವಶಕ್ತಿ.

ಬಲವನ್ನು ಹೆಚ್ಚಿಸುವ ಬಗೆ

ಹೆರಾಲ್ಡ್ ಕಾರಿನ ವಂಶದಲ್ಲಿಯೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ.

ಮೊದಲ ಹೆರಾಲ್ಡಿನ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್‌ಗಳು. ಒಂದೊಂದರ ಅಗಲ 63 ಮಿಲಿಮೀಟರ್. ಪಿಸ್ಟನ್ ಚಲಿಸುವ ದೂರ 76 ಮಿಲಿಮೀಟರ್. ನಾಲ್ಕರಲ್ಲಿಯೂ ಸೇರಿ 948 ಘನ ಸೆಂಟಿಮೀಟರ್ ಜಾಗ. 1961ರಲ್ಲಿ ಇಂಗ್ಲೆಂಡಿನಲ್ಲಿ ಸಿಲಿಂಡರಿನ ಅಗಲವನ್ನು 69.3 ಮಿಲಿಮೀಟರಿಗೆ ಹೆಚ್ಚಿಸಿದರು. ಪಿಸ್ಟನ್ ಚಲಿಸುವ ದೂರ ಬದಲಾಗಲಿಲ್ಲ. ಆದರೂ ಜಾಗ 1147 ಘನ ಸೆಂಟಿಮೀಟರ್ ಆಯಿತು. ಅಗಲ ಹೆಚ್ಚಿದ್ದು ಹತ್ತರಲ್ಲಿ ಒಂದು ಪಾಲು. ಜಾಗ ಹೆಚ್ಚಿದ್ದು ಐದರಲ್ಲಿ ಒಂದು ಪಾಲು! ಬಾವಿಯ ಅಗಲ ಸ್ವಲ್ಪ ಹೆಚ್ಚಾದರೂ ನೀರು ಬಹಳ ಹಿಡಿಯುವುದಲ್ಲವೇ? ಹಾಗೆಯೇ ಇದು. ಈ ಎಂಜಿನ್ನಿನ ಬಲ 39 ಅಶ್ವಶಕ್ತಿ.

1962ರಲ್ಲಿ ಅದೇ ಕಂಪನಿ ಹೆರಾಲ್ಡಿನ ಅಡಿಗಟ್ಟನ್ನು ಮೊಟಕುಗೊಳಿಸಿ, ಸ್ಪಿಟ್‌ಫೈರ್ ಎಂಬ ಇಬ್ಬರು ಕೂರುವ ಸ್ಪೋರ್ಟ್ಸ್ ಕಾರನ್ನು ತಯಾರಿಸಿತು. ಎಂಜಿನ್ನಿನ ಅಳತೆ ಅದೇ 1147. ಆದರೆ ಬಲ 63 ಅಶ್ವಶಕ್ತಿ! ಇದು ಹೇಗೆ ಸಾಧ್ಯವಾಯಿತು?

ಎಂಜಿನ್ನಿಗೆ ಉಸಿರು ಕೊಡುವ ಕಾರ್ಬ್ಯುರೇಟರ್ ಒಂದರ ಬದಲು ಎರಡನ್ನು ಜೋಡಿಸಿದರು. ಗಾಳಿಯ ಬಾಗಿಲುಗಳಾದ ವಾಲ್ವುಗಳು ಹೆಚ್ಚು ಹೊತ್ತು ತೆರೆದಿರುವಂತೆ ಮಾಡಿದರು. ಒಳಗಿನ ಮಿಶ್ರಣವನ್ನು ಇನ್ನೂ ಬಿಗಿಯಾಗಿ ಒತ್ತುವಂತೆ ಮಾಡಿದರು. ಹೊಗೆ ತಡೆಯಿಲ್ಲದೆ ಹೊರಹೋಗಲು ಕೊಳವೆಯನ್ನು ಸರಿಪಡಿಸಿದರು. ಅಂದರೆ ಎಂಜಿನ್ ಚೆನ್ನಾಗಿ ಉಸಿರೆಳೆದು ಚೆನ್ನಾಗಿ ಉಸಿರು ಬಿಡುವಂತೆ ಮಾಡಿದರು.

ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮುಂದಿನ ಚಕ್ರಗಳಿಗೆ ಇನ್ನೂ ಬಲವಾದ ಡಿಸ್ಕ್ ಬ್ರೇಕುಗಳನ್ನು ಅಳವಡಿಸಿದರು. ಇದನ್ನು ನೆನಪಿಡಿ, ಮಕ್ಕಳೇ.

ಜಾಗಕ್ಕೆ ತಕ್ಕ ಎಂಜಿನ್

1966ರಲ್ಲಿ ಅದೇ ಕಂಪನಿ ಇನ್ನೂ ಮುಂದೆ ಹೋಯಿತು. ಸ್ಪಿಟ್‌ಫೈರ್‌ನಂತಹ ಕಾರಿನಲ್ಲಿ ಆರು ಸಿಲಿಂಡರಿನ ಎಂಜಿನ್ ಕೂರಿಸಿ, ಜಿಟಿ 6 ಎಂಬ ಹೆಸರಿಟ್ಟಿತು. ಬಲ 95 ಅಶ್ವಶಕ್ತಿ. ಆದರೆ ಆ ಎಂಜಿನ್ನಿಗೆ ಮೊದಲಿನ ಜಾಗ ಸಾಲಲಿಲ್ಲ. ಬಾನೆಟ್ಟಿನ ಮೇಲೆ ಒಂದು ಉಬ್ಬನ್ನೇ ಮಾಡಬೇಕಾಯಿತು. ಮುಂಭಾಗದ ಭಾರವೂ ಹೆಚ್ಚಿತು.

ಇನ್ನೊಂದು ತೊಂದರೆಯೂ ಇತ್ತು. ಈ ಕಾರುಗಳು ತಿರುವಿನಲ್ಲಿ ವೇಗವಾಗಿ ಹೋಗುವಾಗ ಚಾಲಕ ತಟ್ಟನೆ ವೇಗ ತಗ್ಗಿಸಿದರೆ ಹಿಂದಿನ ಚಕ್ರ ಒಳಮುಖವಾಗಿ ವಾಲುತ್ತಿತ್ತು. ಕಾರು ಜಾರುತ್ತಿತ್ತು. ಬಲ ಹೆಚ್ಚಿದಂತೆ ಈ ದೋಷ ಎದ್ದು ಕಂಡಿತು. ಹಾಗಾಗಿ 1968ರಲ್ಲಿ ಜಿಟಿ 6ರ ಹಿಂಬದಿಯನ್ನು, 1970ರಲ್ಲಿ ಸ್ಪಿಟ್‌ಫೈರ್‌ನ ಹಿಂಬದಿಯನ್ನು ತಿದ್ದಿದರು. ದೊಡ್ಡ ಕಂಪನಿಯೇ ಇಷ್ಟೆಲ್ಲ ತಿದ್ದಬೇಕಾಯಿತೆಂದರೆ, ಒಬ್ಬ ಮೇಸ್ತ್ರಿ ಎಷ್ಟು ಎಚ್ಚರದಿಂದಿರಬೇಕು!

ನಮ್ಮ ನಾಡಿನಲ್ಲಿಯೂ ಕಾರುಗಳನ್ನು ಮಾರ್ಪಡಿಸುವ ಕಲೆ ಬೆಳೆಯಿತು. ಮದರಾಸಿನ ಬಳಿಯ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನ ನೆಲೆಯೊಂದಿತ್ತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅಲ್ಲಿ ಓಟದ ಸ್ಪರ್ಧೆಗಳನ್ನು ನಡೆಸುತ್ತಿತ್ತು. ಆಗ ಹೊರದೇಶದ ಕಾರು ತರಿಸುವುದು ಬಹಳ ಕಷ್ಟ. ಆದ್ದರಿಂದ ಫಿಯಟ್, ಹೆರಾಲ್ಡ್‌ಗಳಂತಹ ಮನೆ ಬಳಕೆಯ ಕಾರುಗಳನ್ನೇ ಬಿಚ್ಚಿ, ತಿದ್ದಿ, ಹಗುರ ಮಾಡಿ ಓಡಿಸುತ್ತಿದ್ದರು. 1990ರಲ್ಲಿ ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟೆಯಲ್ಲಿ ಓಟಕ್ಕೆಂದೇ ಬೇರೆ ಪಥ ಸಿದ್ಧವಾಯಿತು. ಓಟದ ವಾಹನಕ್ಕೆ ಓಟದ ಪಥವೇ ಸರಿಯಾದ ಜಾಗ, ಊರ ರಸ್ತೆಯಲ್ಲ.

ಬಾಗಿದ ಚಕ್ರದ ಕಥೆ

ಮತ್ತೆ ಶೆಡ್ಡಿಗೆ ಬರೋಣ. ಮೇಸ್ತ್ರಿ ದೊಡ್ಡ ಎಂಜಿನ್ನಿನ ಅಳತೆಗೆ ಸರಿಯಾಗಿ ರಟ್ಟಿನ ಅಚ್ಚೊಂದನ್ನು ಕತ್ತರಿಸಿ, ಹೆರಾಲ್ಡಿನ ಒಳಗೆ ಇಟ್ಟು ನೋಡಿದರು. ಮುಂದೆ ರೇಡಿಯೇಟರಿಗೆ ತಗುಲಿತು. ಕೆಳಗೆ ಅಡ್ಡಪಟ್ಟಿಗೆ ತಾಗಿತು. "ಕೂರಿಸಬೇಕಾದರೆ ಅಡಿಗಟ್ಟನ್ನೇ ಕತ್ತರಿಸಬೇಕು" ಎಂದರು.

"ಕತ್ತರಿಸಿ. ಆಗ ಕಾರು ಚೆನ್ನಾಗಿ ಓಡುತ್ತದಲ್ಲ?" ಎಂದರು ಯುವಕರು.

"ಓಡುತ್ತದೆ. ನಿಲ್ಲುತ್ತದೆಯೇ?" ಎಂದು ಮೇಸ್ತ್ರಿ ಬಾಗಿಲ ಕಡೆಗೆ ಕೈ ತೋರಿದರು. ಆಮೇಲೆ ಅವರು ಹೇಳಿದ ಕಥೆ ಇದು.

"ನನಗಾಗ ಇಪ್ಪತ್ತೆರಡು ವರ್ಷ. ಒಂದು ಹಳೆಯ ಕಾರಿಗೆ ಬಲವಾದ ಎಂಜಿನ್ ಹಾಕಿದೆ. ಬ್ರೇಕು ಮಾತ್ರ ಹಳೆಯದೇ. ಆಮೇಲೆ ನೋಡೋಣ ಎಂದುಕೊಂಡೆ. ಗೆಳೆಯನನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದೆ. ಕೆರೆಯ ಏರಿಯ ಬಳಿ ಹುಲ್ಲು ತುಂಬಿದ ಎತ್ತಿನ ಗಾಡಿ ಅಡ್ಡ ಬಂತು. ಬ್ರೇಕು ತುಳಿದೆ. ಕಾರು ನಿಲ್ಲಲಿಲ್ಲ. ಪಕ್ಕಕ್ಕೆ ತಿರುಗಿಸಿ ಮೈಲಿಗಲ್ಲಿಗೆ ಗುದ್ದಿದೆ. ಗಾಡಿಯವರು ಉಳಿದರು, ಎತ್ತುಗಳೂ ಉಳಿದವು. ನನ್ನ ಗೆಳೆಯನ ಕೈ ಮುರಿಯಿತು. ಆ ಕೈ ಇಂದಿಗೂ ಪೂರ್ತಿ ಮೇಲೆ ಏಳುವುದಿಲ್ಲ. ಆ ಚಕ್ರವನ್ನು ಬಾಗಿಲಿಗೆ ಕಟ್ಟಿದ್ದು ಬೇರೆಯವರಿಗಾಗಿ ಅಲ್ಲ, ನನಗಾಗಿ."

ಶೆಡ್ಡಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಮಕ್ಕಳೇ, ಇಲ್ಲಿ ಒಂದು ಲೆಕ್ಕವಿದೆ. ವೇಗ ಎರಡು ಪಟ್ಟಾದರೆ, ಬ್ರೇಕು ಹಿಡಿದ ಮೇಲೆ ವಾಹನ ನಿಲ್ಲಲು ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹತ್ತು ಮೀಟರ್ ಬೇಕಾದರೆ, 80 ಕಿಲೋಮೀಟರ್ ವೇಗದಲ್ಲಿ ನಲವತ್ತು ಮೀಟರ್ ಬೇಕು. ಇದಕ್ಕಾಗಿಯೇ ಸ್ಪಿಟ್‌ಫೈರ್ ಕಾರಿಗೆ ಬಲದ ಜೊತೆಗೆ ಹೊಸ ಬ್ರೇಕನ್ನೂ ಕೊಟ್ಟರು.

ಕಾನೂನು ಹೇಳುವುದೇನು?

ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಕಂಪನಿ ತಯಾರಿಸಿದ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮನಬಂದಂತೆ ಬದಲಾಯಿಸುವಂತಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಾಯಿಸಬೇಕಾದರೆ ಸಾರಿಗೆ ಕಚೇರಿಯ ಅನುಮತಿ ಬೇಕು.

50 ವರ್ಷ ದಾಟಿದ ಕಾರುಗಳಿಗೆ 2021ರಲ್ಲಿ ಒಂದು ಹೊಸ ನಿಯಮ ಬಂದಿತು. ಮೂಲ ರೂಪದಲ್ಲಿಯೇ ಕಾಪಾಡಿದ ಕಾರನ್ನು ಪಾರಂಪರಿಕ ವಾಹನವೆಂದು ನೋಂದಾಯಿಸಬಹುದು. ಆದರೆ ಅದರ ಅಡಿಗಟ್ಟು, ಮೈ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಜ್ಜನ ಹೆರಾಲ್ಡನ್ನು ಕತ್ತರಿಸಿದ್ದರೆ ಆ ಗೌರವ ಅದಕ್ಕೆ ಸಿಗುತ್ತಿರಲಿಲ್ಲ.

ಕಳೆದುಹೋದ ಬಲ ಮರಳಿ ಬಂದಿತು

"ಈ ಕಾರಿಗೆ ಹೊಸ ಬಲ ಬೇಕಿಲ್ಲ. ಅದು ಕಳೆದುಕೊಂಡ ಬಲವನ್ನು ಹುಡುಕಿ ಕೊಡೋಣ" ಎಂದರು ಮೇಸ್ತ್ರಿ.

ಎಂಜಿನ್ನನ್ನು ಬಿಚ್ಚಿದರು. ಪಿಸ್ಟನ್ನಿನ ಉಂಗುರಗಳು ಸವೆದಿದ್ದವು. ತೂತಾದ ಊದುಗೊಳವೆಯಂತೆ ಒಳಗಿನ ಒತ್ತಡ ಸೋರಿಹೋಗುತ್ತಿತ್ತು. ಹೊಸ ಉಂಗುರ ಹಾಕಿದರು. ವಾಲ್ವುಗಳನ್ನು ಉಜ್ಜಿ ಸರಿಯಾಗಿ ಕೂರುವಂತೆ ಮಾಡಿದರು. ಕಾರ್ಬ್ಯುರೇಟರಿನ ಕಸ ತೆಗೆದರು. ಬ್ರೇಕುಗಳ ಸವೆದ ಪಟ್ಟಿ, ಕೊಳವೆಗಳನ್ನು ಹೊಸದಾಗಿ ಹಾಕಿದರು.

ಬಾಗಿಲುಗಳು ಸರಿಯಾಗಿ ಮುಚ್ಚುತ್ತಿರಲಿಲ್ಲ. ಹೆರಾಲ್ಡಿನ ಮೈಯನ್ನು ಹಲವು ತುಂಡುಗಳಾಗಿ ಬೋಲ್ಟು ಹಾಕಿ ಅಡಿಗಟ್ಟಿನ ಮೇಲೆ ಕೂರಿಸಲಾಗಿದೆ. ಬೋಲ್ಟುಗಳ ಬಳಿ ತೆಳುವಾದ ತಗಡಿನ ಬಿಲ್ಲೆಗಳನ್ನು ಸೇರಿಸಿ, ಸಂದುಗಳನ್ನು ಸಮ ಮಾಡಿದರು. ಈ ಕೆಲಸಕ್ಕೇ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಬಾಗಿಲು ಒಂದೇ ಬೆರಳಿನ ಒತ್ತಿಗೆ ಮುಚ್ಚಿಕೊಂಡಿತು.

ಯುವಕರು ಕಾರನ್ನು ಏರಿನ ಕಡೆಗೆ ಓಡಿಸಿಕೊಂಡು ಹೋದರು. ಕಾರು ನಿಧಾನವಾಗಿ, ಆದರೆ ಏದುಸಿರಿಲ್ಲದೆ ಏರಿತು. ಹಿಂತಿರುಗಿ ಬಂದು ಬಾಗಿದ ಚಕ್ರದ ಕೆಳಗೆ ಸರಿಯಾಗಿ ನಿಂತಿತು. "ಅಜ್ಜನ ಕಾಲದಲ್ಲಿ ಹೀಗೆಯೇ ಓಡುತ್ತಿತ್ತಂತೆ" ಎಂದು ಯುವಕರು ಹೇಳಿದಾಗ, ಮೇಸ್ತ್ರಿ ಕೈಯ ಎಣ್ಣೆಯನ್ನು ಒರೆಸಿಕೊಂಡು ಚಹಾ ತರಿಸಿದರು.

ಪದಗಳ ಅರ್ಥ

ಮೇಸ್ತ್ರಿ – ವಾಹನ ದುರಸ್ತಿ ಮಾಡುವ ಕುಶಲ ಕೆಲಸಗಾರ
ಅಡಿಗಟ್ಟು – ಕಾರಿನ ಕೆಳಗಿನ ಗಟ್ಟಿ ಚೌಕಟ್ಟು
ಮಾರ್ಪಾಡು – ಬದಲಾವಣೆ
ಪಾರಂಪರಿಕ – ಹಿಂದಿನಿಂದ ಬಂದ
ಸಂದು – ಎರಡು ವಸ್ತುಗಳ ನಡುವಿನ ಕಿರಿದಾದ ಜಾಗ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹೆರಾಲ್ಡ್ ಕಾರನ್ನು ನಮ್ಮ ರಾಜ್ಯದಲ್ಲಿ ಯಾವ ಕಂಪನಿ ತಯಾರಿಸಿತು?
2. ಜಿಟಿ 6 ಕಾರಿನ ಬಾನೆಟ್ಟಿನ ಮೇಲೆ ಉಬ್ಬು ಏಕೆ ಬೇಕಾಯಿತು?
3. ಇರುಂಗಾಟ್ಟುಕೋಟೆಯ ಪಥ ಯಾವ ವರ್ಷ ಸಿದ್ಧವಾಯಿತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸಿಲಿಂಡರಿನಲ್ಲಿ ಪಿಸ್ಟನ್ ಮಾಡುವ ನಾಲ್ಕು ಕೆಲಸಗಳು ಯಾವುವು?
2. ಬಾಗಿದ ಚಕ್ರವನ್ನು "ನನಗಾಗಿ" ಕಟ್ಟಿದ್ದೇನೆ ಎಂದು ಮೇಸ್ತ್ರಿ ಹೇಳಿದ್ದೇಕೆ?

ಇ) ಬಿಟ್ಟ ಸ್ಥಳಗಳನ್ನು ತುಂಬಿರಿ.
1. ಸ್ಪಿಟ್‌ಫೈರ್ ಕಾರಿನ ಬಲ ______ ಅಶ್ವಶಕ್ತಿ.
2. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾಗುವ ದೂರ ______ ಪಟ್ಟು.

ಈ) ವಿರುದ್ಧ ಪದ ಬರೆಯಿರಿ.
ಹಗುರ, ಏರು, ಒಳಗೆ, ಬಿಗಿ

ಉ) ಚಟುವಟಿಕೆ
ಒಂದು ಸೈಕಲ್ಲಿನ ಎರಡು ಬ್ರೇಕುಗಳನ್ನೂ ಹಿರಿಯರ ಜೊತೆ ಪರೀಕ್ಷಿಸಿರಿ. ಸವೆದಿರುವ ಭಾಗ ಯಾವುದೆಂದು ಬರೆದು ತರಗತಿಯಲ್ಲಿ ಓದಿರಿ. ಆ ಹೆರಾಲ್ಡ್ ಕಾರು ನಿಮ್ಮದಾಗಿದ್ದರೆ ನೀವೇನು ಮಾಡುತ್ತಿದ್ದಿರಿ? ಗೆಳೆಯರೊಂದಿಗೆ ಚರ್ಚಿಸಿರಿ.