ಉಬ್ಬಸವಿದ್ದವರು ಒಮ್ಮೆ ಊದಿ ನೋಡಿ

ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆ ನೀರು ಹರಿದಲ್ಲೆಲ್ಲ ಭತ್ತ. ಕೊಯ್ಲಿನ ಯಂತ್ರ ಗದ್ದೆಗಿಳಿದರೆ ದೂಳು, ಹುಲ್ಲಿಗೆ ಬೆಂಕಿ ಬಿದ್ದರೆ ಹೊಗೆ. ಆಗ ಎದೆ ಬಿಗಿದು ಸುಂಯ್‌ಗುಟ್ಟುವವರಿಗೆ ಈ ಮಾತು.

ಉಬ್ಬಸವೆಂದರೆ ಒಂದೇ ಕಾಯಿಲೆಯಲ್ಲ. ಅಸ್ತಮಾ ಹೆಚ್ಚಾಗಿ ಚಿಕ್ಕಂದಿನಲ್ಲೇ ಶುರುವಾಗಿ ಬಂದು ಹೋಗುತ್ತಿರುತ್ತದೆ, ನಸುಕಿನಲ್ಲಿ ಜೋರು. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಸಾಮಾನ್ಯವಾಗಿ 40 ದಾಟಿದ ಮೇಲೆ, ಬೀಡಿ ಸೇದಿದವರಿಗೆ, ವರ್ಷಗಟ್ಟಲೆ ಸೌದೆ ಒಲೆ ಊದಿದ ತಾಯಂದಿರಿಗೆ ಬರುತ್ತದೆ, ಪೂರ್ತಿ ಬಿಟ್ಟುಹೋಗುವುದಿಲ್ಲ.

ಎರಡನ್ನೂ ಬೇರೆ ಮಾಡಲು ಎಕ್ಸ್‌ರೇ ಸಾಲದು, ಸ್ಪೈರೋಮೆಟ್ರಿ ಬೇಕು. ಕೊಳವೆಗೆ ಬಲವಾಗಿ ಊದಿಸಿ, ಔಷಧಿ ಕೊಟ್ಟು, ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನ ಗಾಳಿ ಶೇ. 12 ಮತ್ತು 200 ಮಿ.ಲೀ. ಮೀರಿ ಹೆಚ್ಚಿದರೆ ಅಸ್ತಮಾ ಇರುವ ಸಾಧ್ಯತೆ ಜಾಸ್ತಿ. ಔಷಧಿಯ ನಂತರವೂ ಮೊದಲ ಸೆಕೆಂಡಿನ ಗಾಳಿ ಊದಿದ ಒಟ್ಟು ಗಾಳಿಯ ಶೇ. 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿ ಶಂಕೆ.

ಎರಡಕ್ಕೂ ಕೊಡುವ ಇನ್‌ಹೇಲರ್ ಚಟವಾಗುತ್ತದೆಂಬುದು ಶುದ್ಧ ಸುಳ್ಳು. ನಿಜವಾದ ತೊಂದರೆ ಎಳೆದುಕೊಳ್ಳುವ ರೀತಿಯಲ್ಲಿದೆ. ಇನ್‌ಹೇಲರ್ ಪಂಪನ್ನು ಚೆನ್ನಾಗಿ ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ ನಿಧಾನವಾಗಿ ಒಳಗೆಳೆದು, 10 ಸೆಕೆಂಡು ತಡೆಹಿಡಿಯಿರಿ. ಮಕ್ಕಳಿಗೆ, ವಯಸ್ಸಾದವರಿಗೆ ಪಂಪಿಗೆ ಜೋಡಿಸುವ ಸ್ಪೇಸರ್ ಕೊಳವೆ ಇದ್ದರೆ ಸುಲಭ. ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಬಾಯಿ ಮುಕ್ಕಳಿಸಿ ಉಗಿಯಿರಿ. ಆರಾಮಾಯಿತೆಂದು ದಿನದ ಔಷಧಿ ನೀವಾಗಿಯೇ ನಿಲ್ಲಿಸಬೇಡಿ.

ಬೀಡಿ ಬಿಡಿ. ಭತ್ತ ತೂರುವಾಗ ಮಾಸ್ಕ್ ಹಾಕಿ. ಮಾತು ಮುಗಿಸಲಾರದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ.