ಮನೆಮಾತಿನ ಫಾರಂ: ಕೌನ್ಸೆಲಿಂಗ್ ತರಗತಿಯಲ್ಲಿ ನಾನು ತಡವಾಗಿ ಕಲಿತದ್ದು



ಸಂಘದ ಪಿಕ್ನಿಕ್‌ನಲ್ಲಿ ಇಬ್ಬರು ತಾಯಂದಿರು ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿದರು. "ಕಿಂಡರ್‌ಗಾರ್ಟನ್ ಫಾರಂನಲ್ಲಿ ಮನೆಮಾತು ಯಾವುದು ಅಂತ ಕೇಳ್ತಾರಲ್ಲ, ಕನ್ನಡ ಅಂತ ಬರೆದ್ರೆ ಮಗೂಗೆ ತೊಂದರೆಯಂತೆ. ಇಂಗ್ಲಿಷ್ ಅಂತಲೇ ಬರೆದುಬಿಡ್ಲಾ?" ಪಿಕ್ನಿಕ್‌ನಲ್ಲಿ ಚಿತ್ರಾನ್ನದ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಕೊಡುವ ಉತ್ತರ ಇದಲ್ಲ ಎನಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಹೇಳುವುದು ಕ್ಯಾಲಿಫೋರ್ನಿಯಾದ ವಿಷಯ. ಬೇರೆ ರಾಜ್ಯದಲ್ಲಿರುವವರು ನಿಮ್ಮ ಜಿಲ್ಲೆಯ ಶಾಲಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ನನ್ನ ಮಗ ಶಾಲೆಗೆ ಸೇರಿದ್ದು 2009ರಲ್ಲಿ. ಫಾರಂನಲ್ಲಿ ನಾಲ್ಕು ಪ್ರಶ್ನೆ: ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಹೆಚ್ಚಾಗಿ ಯಾವುದರಲ್ಲಿ ಮಾತಾಡುತ್ತದೆ, ನೀವು ಮಗುವಿನ ಜತೆ ಯಾವುದರಲ್ಲಿ ಮಾತಾಡುತ್ತೀರಿ, ಮನೆಯ ದೊಡ್ಡವರು ಯಾವುದರಲ್ಲಿ ಮಾತಾಡುತ್ತಾರೆ. ನಾಲ್ಕಕ್ಕೂ ಹೆಮ್ಮೆಯಿಂದ "ಕನ್ನಡ" ಎಂದು ಬರೆದೆ. ಕೆಲವೇ ದಿನಗಳಲ್ಲಿ ಅವನಿಗೆ ಇಂಗ್ಲಿಷ್ ಪರೀಕ್ಷೆ ಮಾಡಿ, "ಇಂಗ್ಲಿಷ್ ಕಲಿಯುತ್ತಿರುವ ಮಗು" ಎಂಬ ಪತ್ರ ಮನೆಗೆ ಕಳಿಸಿದರು. ಅದರಿಂದ ದುಃಖವೇನೂ ಆಗಲಿಲ್ಲ. ದುಃಖವಾದದ್ದು ಆಮೇಲೆ. ಅವನು "ಐ ಬುಕ್ ವಾಂಟ್" ಎನ್ನುತ್ತಾನೆ, ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಆದ್ದರಿಂದ ಮನೆಯಲ್ಲಿ ನಿಮ್ಮ ಭಾಷೆ ನಿಲ್ಲಿಸಿ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಅಲ್ಲಿನ ಟೀಚರ್ ಹೇಳಿದರು. ಟೀಚರ್ ಹೇಳಿದ ಮೇಲೆ ಮುಗಿಯಿತಲ್ಲ! ನಾವಿಬ್ಬರೂ ಹಾಗೇ ಮಾಡಿದೆವು. ಒಂದು ವರ್ಷದೊಳಗೆ ಶಿವಮೊಗ್ಗದಲ್ಲಿರುವ ಅವನ ಅಜ್ಜಿಯ ಜತೆ ಫೋನಿನಲ್ಲಿ "ಊಟ ಆಯ್ತಾ?" "ಆಯ್ತು" ಎಂಬಲ್ಲಿಗೆ ಮಾತು ಮುಗಿಯತೊಡಗಿತು.

2014ರಲ್ಲಿ ನಾನು ಶಾಲಾ ಕೌನ್ಸೆಲಿಂಗ್‌ನಲ್ಲಿ ಮಾಸ್ಟರ್ಸ್ ಓದಲು ಸಂಜೆ ಕಾಲೇಜಿಗೆ ಸೇರಿದೆ. ಎರಡು ಭಾಷೆಯಲ್ಲಿ ಕಲಿಸುವ ಟೀಚರುಗಳ ತರಬೇತಿಯೂ ಅದೇ ಕಟ್ಟಡದಲ್ಲಿ. ಕೆಲವು ವಿಷಯಗಳಿಗೆ ನಾವೆಲ್ಲ ಒಟ್ಟಿಗೇ ಕೂರುತ್ತಿದ್ದೆವು, ಹೆಚ್ಚಿನವರು ಸ್ಪ್ಯಾನಿಷ್ ಮಾತಾಡುವವರು. ಆ ತರಗತಿಯಲ್ಲಿ ಮೊದಲು ಓದಿಸಿದ್ದು ಲೌ ವಿರುದ್ಧ ನಿಕೋಲ್ಸ್ ಎಂಬ ಮೊಕದ್ದಮೆ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳಿಗೆ ಅರ್ಥವೇ ಆಗದ ಭಾಷೆಯಲ್ಲಿ ಪಾಠ ನಡೆಯುತ್ತಿತ್ತು. ಎಲ್ಲರಿಗೂ ಅದೇ ಪುಸ್ತಕ, ಅದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ಆಧಾರ 1964ರ ನಾಗರಿಕ ಹಕ್ಕುಗಳ ಕಾಯಿದೆ. ನಾವು ಹೆದರುವ ಆ ಫಾರಂ ಈ ಹಕ್ಕಿನ ಬೆನ್ನಿಗೇ ಬಂದದ್ದು. ಯಾವ ಮಗುವಿಗೆ ಸಹಾಯ ಬೇಕು ಎಂದು ಮೊದಲು ಗೊತ್ತಾಗಬೇಕಲ್ಲ? ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ಪರೀಕ್ಷೆಯೇ ಹಾಗೆಂದು ಹೇಳಿಬಿಡುತ್ತದೆ. ಬಾರದಿದ್ದರೆ ಸಹಾಯ ಕೊಡುವುದು ಶಾಲೆಯ ಹೊಣೆ. ಆದ್ದರಿಂದ ಆ ತಾಯಂದಿರಿಗೆ ನನ್ನ ಉತ್ತರ: ನಿಜವನ್ನೇ ಬರೆಯಿರಿ.

ಎರಡನೆಯ ಪಾಠ ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ ಅವರದು. ಆಟದ ಬಯಲಿನ ಇಂಗ್ಲಿಷ್ ಮಗುವಿಗೆ ಸುಮಾರು 2 ವರ್ಷದಲ್ಲಿ ಬಂದುಬಿಡುತ್ತದೆ. ಪಾಠಪುಸ್ತಕದ ಇಂಗ್ಲಿಷ್, ಅಂದರೆ ಕಾರಣ ಹೇಳಲು, ಹೋಲಿಸಲು, ವಿಜ್ಞಾನ ಓದಲು ಬೇಕಾದದ್ದು, 5ರಿಂದ 7 ವರ್ಷ ತೆಗೆದುಕೊಳ್ಳುತ್ತದೆ. ಮನೆಮಾತಿನಲ್ಲಿ ಯೋಚಿಸಲು ಕಲಿತದ್ದು ಎರಡನೆಯ ಭಾಷೆಗೂ ಹರಿದುಬರುತ್ತದೆ, ಮನೆಮಾತು ನಿಲ್ಲಿಸುವುದರಿಂದ ಇಂಗ್ಲಿಷ್ ಬೇಗ ಬರುವುದಿಲ್ಲ. ಇದನ್ನು ಓದಿದ ರಾತ್ರಿ ನಾನು ಕಾರ್ ಪಾರ್ಕಿಂಗ್‌ನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಮುಂದಿನ ವಾರ ಪ್ರತಿಯೊಬ್ಬರೂ ತಮ್ಮ ಮಾತನ್ನು ಇಂಗ್ಲಿಷಿನ ಪಕ್ಕದಲ್ಲಿಟ್ಟು ತೋರಿಸಬೇಕಿತ್ತು. ನಾನು ಬೋರ್ಡಿನ ಮೇಲೆ "ನನಗೆ ಪುಸ್ತಕ ಬೇಕು" ಎಂದು ಬರೆದೆ. ಕ್ರಿಯೆ ಹೇಳುವ ಪದ ಕೊನೆಗೆ. 'ಎ', 'ದಿ' ಎಂಬವು ನಮ್ಮಲ್ಲಿಲ್ಲ. 'ಮೇಲೆ', 'ಒಳಗೆ' ಎಂಬವು ನಾಮಪದದ ಹಿಂದೆ ಬರುತ್ತವೆ, ಇಂಗ್ಲಿಷಿನಲ್ಲಿ ಮುಂದೆ. ಇಂಗ್ಲಿಷಿನ 'ವಿ' ಮತ್ತು 'ಡಬ್ಲ್ಯು' ಅಕ್ಷರಗಳ ಸದ್ದು ಎರಡಕ್ಕೂ ನಮಗೆ ಒಂದೇ 'ವ'. "ಐ ಬುಕ್ ವಾಂಟ್" ಎಂದರೆ ದಡ್ಡತನವೂ ಅಲ್ಲ, ಮಾತಿನ ದೋಷವೂ ಅಲ್ಲ. ಹುಡುಗ ಕನ್ನಡದ ವ್ಯಾಕರಣವನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದ, ಅಷ್ಟೆ! ಹೊಸ ಭಾಷೆಯೊಳಗೆ ಬಿದ್ದ ಮಗು ಕೆಲವು ತಿಂಗಳು ಸುಮ್ಮನಿದ್ದು ಕೇಳಿಸಿಕೊಳ್ಳುವುದೂ ಸಹಜ ಎಂದು ಆಗಲೇ ತಿಳಿದದ್ದು.

ಕೌನ್ಸೆಲಿಂಗ್‌ನ ಪಾಠ ಇನ್ನೂ ಕಷ್ಟ. ಕರ್ನಾಟಕದಲ್ಲಿ ಇದಕ್ಕೆ 'ಆಪ್ತಸಮಾಲೋಚನೆ' ಎನ್ನುತ್ತಾರೆ. ಒಳ್ಳೆಯ ಪದ, ಆದರೆ ನಮ್ಮವರು 'ಆಪ್ತ' ಬಿಟ್ಟು 'ಸಲಹೆ'ಗೆ ಕೈ ಹಾಕುತ್ತೇವೆ. ಅಭ್ಯಾಸದ ದಿನ ಒಬ್ಬ ಸಹಪಾಠಿ ಗಣಿತದಲ್ಲಿ ಫೇಲಾದ ಹುಡುಗಿಯಾಗಿ ನನ್ನೆದುರು ಕೂತಳು. ನಾನು ಎರಡೇ ನಿಮಿಷದಲ್ಲಿ ಟೈಂಟೇಬಲ್ ಹಾಕಿಕೊಟ್ಟು, ಬೆಳಿಗ್ಗೆ ಬೇಗ ಏಳು ಎಂದೂ ಹೇಳಿದೆ. ಪ್ರೊಫೆಸರ್ ನಕ್ಕು ಕೇಳಿದರು: "ಅವಳಿಗೆ ಹೇಗನಿಸುತ್ತಿದೆ ಅಂತ ಕೇಳಿದಿರಾ?" ಕೇಳಿರಲಿಲ್ಲ. ಕಾರ್ಲ್ ರೋಜರ್ಸ್ ಹೇಳಿದ, ತೀರ್ಪು ಕೊಡದೆ ಕೇಳಿಸಿಕೊಳ್ಳುವುದನ್ನು ರೂಢಿಸಿಕೊಳ್ಳಲು ನನಗೆ ಒಂದು ಸೆಮಿಸ್ಟರ್ ಪೂರ್ತಿ ಬೇಕಾಯಿತು. ಮನೆಯಲ್ಲಿ ಈಗಲೂ ಮರೆತುಹೋಗುತ್ತದೆ.

ಮಗನನ್ನೋ ಮಗಳನ್ನೋ ಶಾಲೆಯ ಕೌನ್ಸೆಲರ್ ಕರೆದರೆ ಗಾಬರಿಯಾಗುವವರಿಗೆ ಎರಡು ಮಾತು. ಕೌನ್ಸೆಲರ್ ಜತೆ ಮಾತಾಡಿದ್ದು ಕಾಲೇಜಿಗೆ ಹೋಗುವ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇರುವುದಿಲ್ಲ. ಮಗು ಹೇಳಿದ್ದನ್ನು ಅವರು ಗುಟ್ಟಾಗಿಯೇ ಇಡುತ್ತಾರೆ, ಆದರೆ ಮಗುವಿನ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ, ಹಿಂಸೆಯ ಅನುಮಾನವಿದ್ದರೆ, ಹೇಳಲೇಬೇಕೆಂದು ಕಾನೂನಿದೆ. ಇನ್ನೊಂದು: ಅಜ್ಜ ಅಜ್ಜಿ ಟೀಚರನ್ನು ಭೇಟಿಯಾಗಲು ಹೋದಾಗ ಮಗುವನ್ನೇ ದುಭಾಷಿ ಮಾಡಬೇಡಿ. ತನ್ನ ದೂರನ್ನು ತಾನೇ ಅನುವಾದಿಸುವ ಹುಡುಗ ಎಷ್ಟು ಸೊಗಸಾಗಿ ಅನುವಾದಿಸುತ್ತಾನೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ!

ಓದಲು ಮನಸ್ಸಿರುವವರಿಗೆ: ಊರಿನ ಪದವಿಯನ್ನು ರಾಜ್ಯ ಒಪ್ಪಿದ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು, ಬೆರಳಚ್ಚು ಕೊಡಬೇಕು. ರಾಷ್ಟ್ರಮಟ್ಟದ ಮಾನ್ಯತೆ ಇರುವ ಕೌನ್ಸೆಲಿಂಗ್ ಕೋರ್ಸುಗಳಲ್ಲಿ 60 ಕ್ರೆಡಿಟ್, 100 ಗಂಟೆ ಪ್ರಾಕ್ಟಿಕಂ, 600 ಗಂಟೆ ಇಂಟರ್ನ್‌ಶಿಪ್. ವೀಸಾ ಮೇಲಿರುವವರು ಕೆಲಸದ ಅನುಮತಿಯನ್ನು ಮೊದಲೇ ನೋಡಿಕೊಳ್ಳಿ. ಕೆಲಸವೇನೋ ಬೇಕಾದಷ್ಟಿದೆ. ಅಮೆರಿಕದ ಶಾಲಾ ಕೌನ್ಸೆಲರುಗಳ ಸಂಘದ ಶಿಫಾರಸು ಒಬ್ಬರಿಗೆ 250 ಮಕ್ಕಳು, ಇಲ್ಲಿ ಎಷ್ಟೋ ಶಾಲೆಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು. ಎರಡು ಭಾಷೆಯ ಟೀಚರ್ ಆಗಲು ಭಾಷೆ, ಬೋಧನಾ ವಿಧಾನ, ಸಂಸ್ಕೃತಿ ಮೂರರಲ್ಲೂ ಪಾಸಾಗಬೇಕು. ನಾನು ಪಟ್ಟಿ ನೋಡಿದಾಗ ನಮ್ಮ ಕಡೆಯ ಭಾಷೆಗಳಲ್ಲಿ ಪಂಜಾಬಿ ಇತ್ತು, ಕನ್ನಡ ಇರಲಿಲ್ಲ. 1998ರ ಪ್ರೊಪೊಸಿಷನ್ 227 ಈ ಬಗೆಯ ತರಗತಿಗಳನ್ನು ಹೆಚ್ಚುಕಡಿಮೆ ಮುಚ್ಚಿಸಿತ್ತು, 2016ರ ಪ್ರೊಪೊಸಿಷನ್ 58 ಬಾಗಿಲು ತೆರೆಯಿತು. ಹೈಸ್ಕೂಲ್ ಮುಗಿಸುವವರಿಗೆ ಎರಡು ಭಾಷೆ ಬಲ್ಲವರೆಂಬ ರಾಜ್ಯದ ಮುದ್ರೆಯೂ ಇದೆ. ಕನ್ನಡಕ್ಕೆ ಅದು ಸಿಗುತ್ತದೆಯೇ ಎಂದು ನಿಮ್ಮ ಕೌನ್ಸೆಲರನ್ನೇ ಕೇಳಿ.

ಮಗನಿಗೆ ಹತ್ತು ವರ್ಷವಾದಾಗ ಮನೆಯಲ್ಲಿ ಮತ್ತೆ ಕನ್ನಡ ಶುರುಮಾಡಿದೆವು. ಮೊದಲ ವಾರ ಅವನು ಮುಖ ಸಿಂಡರಿಸಿದ. ಆಮೇಲೊಂದು ದಿನ ಅಜ್ಜಿ ಫೋನಿನಲ್ಲಿ ಕೋಡುಬಳೆ ಮಾಡುತ್ತಿದ್ದೇನೆ ಎಂದಾಗ "ನಂಗೂ ಇಡಿ ಅಜ್ಜಿ" ಎಂದ. ಅವರು ಮತ್ತೊಂದು ಸಲ ಹೇಳು ಎಂದು ಮೂರು ಬಾರಿ ಹೇಳಿಸಿಕೊಂಡರು.