ಎ.ಕೆ. ರಾಮಾನುಜನ್ ಅವರ 'ಅಣ್ಣಯ್ಯನ ಮಾನವಶಾಸ್ತ್ರ': ಅಮೆರಿಕದ ನೆಲದಲ್ಲಿ ಕನ್ನಡ ವಿಡಂಬನೆ

ಅಮೆರಿಕದ ಬದುಕನ್ನು ವ್ಯಂಗ್ಯವಾಗಿ ಕಂಡ ಕನ್ನಡ ಸಣ್ಣಕಥೆಗಳಲ್ಲಿ ಮೊದಲು ನೆನಪಿಡಬೇಕಾದದ್ದು ಇದು.

ಕಥಾವಸ್ತು: ಮೈಸೂರಿನ ಅಣ್ಣಯ್ಯ ಷಿಕಾಗೋಗೆ ಓದಲು ಹೋಗುತ್ತಾನೆ. ಊರಲ್ಲಿದ್ದಾಗ ಬೇಡವಾಗಿದ್ದ ಹಿಂದೂ ಆಚಾರಗಳನ್ನು ಅಲ್ಲಿನ ಗ್ರಂಥಾಲಯದಲ್ಲಿ, ಅಮೆರಿಕನ್ ವಿದ್ವಾಂಸರ ಪುಸ್ತಕಗಳಿಂದ ಆಸೆಪಟ್ಟು ಕಲಿಯುತ್ತಾನೆ. ಅಂಥ ಒಂದು ಪುಸ್ತಕದಲ್ಲಿ ಶವಸಂಸ್ಕಾರದ ಚಿತ್ರ ಕಾಣುತ್ತದೆ. ಅದು ತನ್ನ ತಂದೆಯದೇ! ಮುಂದೆ ವಿಧವೆಯರ ಕುರಿತ ಭಾಗದಲ್ಲಿ ತಲೆ ಬೋಳಿಸಿದ ತಾಯಿಯ ಚಿತ್ರ. ಮನೆಯವರು ಮುಚ್ಚಿಟ್ಟ ಸಾವು ಅವನಿಗೆ ತಿಳಿಯುವುದು ಪರದೇಶದ ಪುಸ್ತಕದಿಂದ. ಮನುಷ್ಯರ ದುಃಖವನ್ನು ಮಾಹಿತಿಯಾಗಿಸುವ ಪಾಂಡಿತ್ಯವನ್ನೂ ಅದಕ್ಕೆ ಮರುಳಾಗುವ ನಮ್ಮವರನ್ನೂ ಕಥೆ ಒಟ್ಟಿಗೇ ಇರಿಯುತ್ತದೆ. ಕನ್ನಡದಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಆಳಕ್ಕೆ ಇಳಿದ ಕಥೆಗಳು ವಿರಳ.

ಲೇಖಕ: ಜನನ 1929, ಮೈಸೂರು, ನಿಧನ 1993, ಷಿಕಾಗೋ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮೆಕಾರ್ಥರ್ ಫೆಲೋಶಿಪ್. ಕನ್ನಡ ಕವನ ಸಂಕಲನಗಳು: 'ಹೊಕ್ಕುಳಲ್ಲಿ ಹೂವಿಲ್ಲ', 'ಮತ್ತು ಇತರ ಪದ್ಯಗಳು', 'ಕುಂಟೋಬಿಲ್ಲೆ'. ಕಾದಂಬರಿ: 'ಮತ್ತೊಬ್ಬನ ಆತ್ಮಚರಿತ್ರೆ'.

ಗಮನಿಸಿ: ಮಾಧ್ವ ಅಗ್ರಹಾರದ ಕಥೆಯಾದ 'ಸಂಸ್ಕಾರ' ಕಾದಂಬರಿ ರಾಮಾನುಜನ್ ಅವರದಲ್ಲ. ಅದನ್ನು ಬರೆದವರು ಯು.ಆರ್. ಅನಂತಮೂರ್ತಿ, 1976ರ ಇಂಗ್ಲಿಷ್ ಅನುವಾದ ಮಾತ್ರ ರಾಮಾನುಜನ್ ಅವರದು. ಪರೀಕ್ಷೆಯಲ್ಲಿ 'ಹೊಂದಿಸಿ ಬರೆಯಿರಿ' ಪ್ರಶ್ನೆ ಬಂದರೆ ಈ ಎರಡು ಕೃತಿಗಳ ಲೇಖಕರನ್ನು ಅದಲುಬದಲು ಮಾಡಬೇಡಿ.